ಖಾನಾವಳಿಗೆ ಐದು ಕಮಾನು

ಸಂಡಾಸದ ಪೈಪಿನ ಕೆಳಗ ಕುಂತು ಯಾರ ಉಣ್ತಾರ್ರಿ? ನೀವು ಉಣ್ತೀರೇನು? ಬಸವೇಶ್ವರಿ ಆ ಆಷಾಢದಾಗ ಕುಂತ್ರೂ ನಿಂತ್ರೂ ಇದೊಂದ ಮಾತು ಕೇಳ್ಕೊಂತಿದ್ಲು. ಇಳಕಲ್ಲಿನ ಬಸ್‌ಸ್ಟ್ಯಾಂಡ ಹಿಂದಿನ ಓಣ್ಯಾಗ ಆಕಿ ಮಾವನ ಕಟ್ಟಡ. ರಸ್ತಾದ ಮಟ್ಟಕ್ಕ ಮೈದುನ ವಿಜಯಮಹಾಂತೇಶನ ಸೀರಿ ಅಂಗಡಿ, ಅದರ ಮ್ಯಾಲ ಮನಿ, ಎಲ್ಲಾದಕ್ಕೂ ಕೆಳಗ ಬೇಸ್‌ಮೆಂಟ್. ತಲಿ ಎತ್ತಿ ಆ ಬೇಸ್‌ಮೆಂಟಿನ ಮಾಳಿಗಿ ನೋಡಿದ್ರ ಬಂದ ಹಸಿವಿ ತಿರುಗಿ ಮನಿಗಿ ಹೋಗಬೇಕು, ಹಂಗಿತ್ತು. ಪ್ಲಾಸ್ಟರ್ ಕಾಣದ ಸ್ಲ್ಯಾಬು, ಅದರಾಗ ಸೆಂಟ್ರಿಂಗ್ ಹಲಗಿಯ ಗುರುತು, ಜೋತುಬಿದ್ದ ವೈರು, ನೀರಿನ ಪೈಪು. ನಟ್ಟನಡುವ ಈ ಗ್ವಾಡಿಯಿಂದ ಆ ಗ್ವಾಡಿತನಕ ಮ್ಯಾಲಿನ ಮನಿಯ ಸಂಡಾಸದ ದಪ್ಪ ಪೈಪು. ಮ್ಯಾಲ ಯಾರರ ನೀರು ಬಿಟ್ರಂದ್ರ ಕೆಳಗ ಕುಂತವರ ನೆತ್ತಿಮ್ಯಾಲ ಗೊಳಗೊಳ ಅಂತಿತ್ತು.

ಈ ಗವಿ ಆಕಿ ಪಾಲಿಗೆ ಬಂದದ್ದು ಮಾವ ಕಾಶಪ್ಪನ ದಯಾದಿಂದ. ಗಂಡ ತೀರಿಕೊಂಡು ಎರಡು ವರ್ಷ ಆಗಿತ್ತು, ಮಕ್ಕಳಿಲ್ಲ, ಅಂಗಡಿಯ ಹಿಂದಿನ ಖೋಲ್ಯಾಗ ಇದ್ಲು. ಮೈದುನ ಆಕಿನ್ನ ಮನಿಯ ಪುಕ್ಕಟೆ ಅಡಿಗಿಯಾಕಿ ಮಾಡಿಕೊಂಡಿದ್ದ. ಎಂಬತ್ತೆರಡರ ಮುದುಕ ಒಂದಿನ ಮನ್ಯಾಗ ಎಲ್ಲಾರ ಮುಂದ ಬಡಿಗಿ ಕುಟ್ಟಿ ಹೇಳಿದ.

"ವಿಜ್ಯಾ, ನಿಮ್ಮಣ್ಣನ ಪಾಲು ಬೇಸ್‌ಮೆಂಟ್. ಬಸವ್ವ ಅಲ್ಲೆ ಖಾನಾವಳಿ ಹಾಕ್ತಾಳ. ದೀಪಾವಳಿ ಪಾಡ್ಯಾತನಕ ನಡಸಿ ತೋರಿಸಿದ್ಲಂದ್ರ ಹುನಗುಂದದ ರಜಿಸ್ಟ್ರಿ ಆಫೀಸಿಗೆ ಹೋಗಿ ಆಕಿ ಹೆಸರಿಗೆ ಬರದು ಕೊಡ್ತೇನಿ. ನಡೀಲಿಲ್ಲಂದ್ರ ನೀ ಗೋದಾಮು ಮಾಡ್ಕೊ."

ಮೈದುನ ಒಂದ ಮಾತು ಎದುರಾಡಲಿಲ್ಲ. ಯಾಕ ಆಡ್ತಾನ? ಅವಗ ಆ ಪೈಪಿನ ಮ್ಯಾಲ ಅಷ್ಟು ಭರೋಸಾ ಇತ್ತು. "ಆಗ್ಲಿ ವೈನಿ, ಚಲೋ ಆಗ್ಲಿ ನಿಮಗ" ಅಂತ ನಕ್ಕೊಂತ ಹೋದ.

ಬಸವೇಶ್ವರಿ ರೊಟ್ಟಿಗಾಗ್ಲಿ ಎಣ್ಣಿಗಾಯಿಗಾಗ್ಲಿ ಹೆದರೂ ಹೆಂಗಸಲ್ಲ. ರೊಟ್ಟಿ ಬಡ್ಯಾಕ ರಂಜಾನಬಿನ್ನ ಕರಕೊಂಡ್ಲು. ರಂಜಾನಬಿ ಕೈಯಾಗಿನ ರೊಟ್ಟಿ ತೆಳ್ಳಗಂದ್ರ ತೆಳ್ಳಗ, ಆಕಿ ಬಾಯಿ ಮಾತ್ರ ದಪ್ಪ. ಒಳಗ ಕಾಲಿಟ್ಟಾಕಿನ ಮ್ಯಾಲ ನೋಡಿ, "ಅಕ್ಕಾ, ಮೊದಲ ಇದರ ಮಾರಿ ಮುಚ್ಚು, ಆಮ್ಯಾಲ ಒಲಿ ಹಚ್ಚು" ಅಂದ್ಲು.

ಬಾಗಲಕೋಟಿಯಿಂದ ಫಾಲ್ಸ್ ಸೀಲಿಂಗ್ ಮಾಡಾಂವ ಬಂದ. ಟೇಪ ಹಿಡದು ಉದ್ದ ಅಗಲ ಅಳದು, ಪಿಓಪಿ ಇಷ್ಟು, ಜಿಪ್ಸಂ ಇಷ್ಟು ಅಂದ. ಆ ರೇಟು ಕೇಳಿ ಬಸವೇಶ್ವರಿ ಅವಗ ಚಾ ಕುಡೀತಿ ಏನಂತ ಸುದ್ದಾ ಕೇಳಲಿಲ್ಲ.

ಆಮ್ಯಾಲ ಸುರುವಾತು ನೋಡ್ರಿ ಆಕಿ ಸ್ವಂತ ಕಾರಬಾರ. ಮೊಬೈಲ್‌ನಾಗ ಒಬ್ಬಾಕಿ ಹೇಳಿದ್ಲಂತ, ಪೈಪು ವೈರು ಸ್ಲ್ಯಾಬು ಎಲ್ಲಾದಕ್ಕೂ ಒಂದ ಕರೇ ಬಣ್ಣ ಬಳದುಬಿಡ್ರಿ, ಕಣ್ಣಿಗೆ ಬೀಳೂದಿಲ್ಲ, ದೊಡ್ಡ ಹೊಟೇಲದಾಗ ಈಗ ಅದ ಫ್ಯಾಶನ್ ಅಂತ. ಇಬ್ಬರೂ ಹೆಂಗಸರು ಡ್ರಮ್ಮಿನ ಮ್ಯಾಲ ಹಲಗಿ ಇಟ್ಟು ಹತ್ತಿ, ಕುತ್ತಿಗಿ ನೋಯೂತನಕ ಬಳದ್ರು. ಒಣಗಿದ ಮ್ಯಾಲ ನೋಡಿದ್ರ ಹೊಗಿ ಹಿಡದ ಅಡಿಗಿಮನಿ! ಬಣ್ಣ ಬಳದ್ರ ಗೊಳಗೊಳ ಸಪ್ಪಳ ನಿಲ್ತೈತೇನು?

ಮುಂದ ಥರ್ಮಾಕೋಲ್. ಬಿಳೇ ಹಾಳಿಗಳನ್ನ ಗೋಂದಿಲೆ ಅಂಟಿಸಿದ್ರು. ಎರಡು ದಿನಾ ಬೆಳದಿಂಗಳದಂಗ ಇತ್ತು. ಮೂರನೇ ದಿನ ಅನ್ನದ ಹಬಿಗೆ ಗೋಂದು ಬಿಟ್ಟು ಒಂದು ಹಾಳಿ ಸೀದಾ ಸಾರಿನ ಬೋಗಾಣ್ಯಾಗ ಬಿತ್ತು, ಇನ್ನೊಂದು ಉಣ್ಣಾಕ ಬಂದಿದ್ದ ಕನ್ನಡಸಾಲಿ ಮಾಸ್ತರರ ತಲಿಮ್ಯಾಲ. ಮಾಸ್ತರರು ಪಾಪ ಸಂಭಾಯಿತರು, "ಇರಲಿ ಬಿಡವಾ" ಅಂದು ಹೋದವರು ತಿರುಗಿ ಬರಲಿಲ್ಲ. ಅದಾದ ಮ್ಯಾಲ ಗೋಣಿಚೀಲ ಬಿಚ್ಚಿ, ಹೊಲದು, ಚಪ್ಪರ ಕಟ್ಟಿದ್ಲು. ಚೀಲದಾಗಿನ ನುಸಿ ಬ್ಯಾಳಿಯೊಳಗ ಉದುರಿತು. ಅವನ್ನೂ ಕಿತ್ತು ಬೀದಿಗೆ ಒಗದ್ಲು.

ಕಡೀಕೆ ಟ್ರಂಕಿನಾಗಿನ ಹಳೇ ಸೀರಿ ನೆನಪಾದುವು. ಇಳಕಲ್ಲಿನಾಗ ಹಳೇ ಸೀರಿಗೆ ಏನ ಬರ? ತನ್ನವು ಆರು, ರಂಜಾನಬಿ ನಾಕು ಮನಿ ತಿರುಗಿ ತಂದವು ಎಂಟು. ಕೆಂಪು ಸೆರಗು, ನೀಲಿ ಒಡಲು, ಹಸರು ದಡಿ, ಜಗ್ಗಿ ಹಿಡದ್ರ ಮಾಳಿಗಿ ಅನ್ನೂದು ಮದುವಿ ಹಂದರ ಆಗ್ತಿತ್ತು. ಆದ್ರ ಬರೇ ಸೀರಿ ಕಟ್ಟಿದ್ರ ಪೈಪಿನ ಕೆಳಗ ಹೊಟ್ಟಿ ಬಿಟ್ಟು ಜೋಲ್ತಿದ್ವು. ನಡುನಡುವ ಬಿದಿರಿನ ಕಮಾನು ಬೇಕಿತ್ತು. ಅದಕ್ಕ ಆಕಿ ಚಂದಪ್ಪನ ಮನಿಗಿ ಹೋದ್ಲು.

ಚಂದಪ್ಪ ಮದುವಿಗೆ ಹಂದರ ಕಟ್ಟಾಂವ. ಸಾವಿಗೆ ವಿಮಾನ ಕಟ್ಟಾಂವನೂ ಅವನ. ಗೊತ್ತಿಲ್ಲದವರಿಗೆ ಹೇಳ್ತೇನಿ, ನಮ್ಮ ಕಡೆ ಲಿಂಗಾಯತರಾಗ ಸತ್ತವರನ್ನ ಮಲಗಿಸಿ ಒಯ್ಯೂದಿಲ್ಲ. ಜಳಕಾ ಮಾಡಿಸಿ, ಮಡಿ ಉಡಿಸಿ, ಇಬತ್ತಿ ಹಚ್ಚಿ, ಕೂಡಿಸಿ ಒಯ್ತೇವಿ. ಕೂಡಿಸೂದಕ್ಕ ಬಿದಿರಿನ ಕಮಾನು ಕಟ್ಟಿ, ಬಣ್ಣದ ಹಾಳಿ, ಹೂವು ಏರಿಸಿದ ಪೀಠ ಮಾಡ್ತಾರಲ್ಲ, ಅದಕ್ಕ ವಿಮಾನ ಅಂತೇವಿ.

ಚಂದಪ್ಪನ ಹಿತ್ತಲದಾಗ ತಾಡಪತ್ರಿಯ ಕೆಳಗ ಐದು ಕಮಾನು ಗ್ವಾಡಿಗೆ ಆನಿಸಿದ್ದು ಆಕಿ ಕಣ್ಣಿಗೆ ಬಿದ್ದುವು. ಎಂಥಾ ಕೆಲಸಾ ಅಂತೀರಿ! ಬಿದಿರು ಸೀಳಿ, ನಯಾ ಮಾಡಿ, ಬಿಲ್ಲಿನಂಗ ಬಗ್ಗಿಸಿ, ನಡುವಿನ ಕಮಾನಿನ ತುದಿಗೆ ಬಿದಿರಿನ ಕಡ್ಡೀಲೆ ನವಿಲು ಕೂಡಿಸಿದ್ದ.

"ಇವನ್ನ ಕೊಡೊ ಚಂದಪ್ಪಾ."

"ಅಕ್ಕಾರ, ಅವನ್ನ ಮುಟ್ಟಬ್ಯಾಡ್ರಿ. ಅವು ದೊಡ್ಡ ಸಾವಕಾರ್ರವು."

"ನಮ್ಮ ಮಾವಾರವೇನು? ಎದಕ್ಕ?"

ಚಂದಪ್ಪ ಸುಳ್ಳಾಡಿ ರೂಢಿ ಇಲ್ಲದಾಂವ, ಅದ ಅವನ ಹಣೇಬಾರ. ಆಕಡೆ ಈಕಡೆ ನೋಡಿ ಹೇಳಿಬಿಟ್ಟ. ಬ್ಯಾಸಗ್ಯಾಗ ಕಾಶಪ್ಪಗ ಎದಿ ಹಿಡದು, ಬಾಗಲಕೋಟಿ ದವಾಖಾನ್ಯಾಗ ನಾಕು ದಿನಾ ಇಟ್ಟು, ಡಾಕ್ಟರ್ರು "ಇನ್ನ ಮನಿಗಿ ಕರಕೊಂಡು ಹೋಗ್ರಿ" ಅಂದಿದ್ರಲ್ಲ, ಆವತ್ತ ಸಣ್ಣ ಸಾವಕಾರ ವಿಜಯಮಹಾಂತೇಶ ಇವನ ಮನಿಗಿ ಬಂದಿದ್ದ. "ನಾಳೆ ಮುಂಜಾನಿಗೆ ವಿಮಾನ ಬೇಕು. ಐದು ಕಮಾನು ಇರಬೇಕು. ನವಿಲು ಕೂಡಿಸು, ಊರು ನೋಡಬೇಕು" ಅಂದಿದ್ದ. ಚಂದಪ್ಪ ಕಟ್ಟಿದ. ಮರುದಿನ ಮುದುಕ ಸಾಯಲಿಲ್ಲ. ಮೂರನೇ ದಿನ ಎದ್ದು ಕುಂತು ಮಜ್ಜಗಿ ಕೇಳಿದ. ವಿಜಯಮಹಾಂತೇಶ ಮತ್ತ ಬಂದು, "ಎಲ್ಲೆರ ಒಗಿ, ಬಾಯಿ ಬಿಟ್ಟಿ ಅಂದ್ರ ನೋಡು" ಅಂದು ಹೋದ.

"ಇನ್ನೊಬ್ಬರಿಗೆ ಕಟ್ಟಬೇಕಿಲ್ಲೊ ಮತ್ತ?"

"ಹಂಗ ಬರೂದಿಲ್ರಿ. ನಮ್ಮಪ್ಪ ಹೇಳಿಕೊಟ್ಟಾನ. ಒಬ್ಬರ ಹೆಸರೀಲೆ ಕಟ್ಟಿದ್ದು ಅವರದ. ಅವರು ಕೇಳಿದಾಗ ಕೊಡಬೇಕು, ಅಲ್ಲೀತನಕ ಇಟ್ಟುಕೋಬೇಕು."

ಬಸವೇಶ್ವರಿ ಮೊದಲ ಒಂದ ಹೆಜ್ಜಿ ಹಿಂದ ಸರದ್ಲು, ಖರೆ. ಬಾಯಿ ಬಿಟ್ಟು "ಎಂಥಾ ಮಗಾನೋ ಇಂವ!" ಅಂದ್ಲು. ಆಮ್ಯಾಲ ಮತ್ತ ಕಮಾನು ನೋಡಿದ್ಲು. ಹೆಣಾ ಕುಂತಿಲ್ಲ, ಸುಡಗಾಡು ಕಂಡಿಲ್ಲ, ಬಿದಿರು ಬಿದಿರ. ಮನಿ ಮಾವಂದು, ಬೇಸ್‌ಮೆಂಟ್ ಮಾವಂದು, ಕಮಾನೂ ಮಾವಂದು. ಇದರಾಗ ತಪ್ಪೇನೈತಿ? ಹಿಂಗ ಆಕಿ ತನಗ ತಾನ ಹೇಳಿಕೊಂಡ್ಲು. "ಅವರ ಮನ್ಯಾಗ ಇಡಾಕತ್ತೀನಿ ಅಂತ ತಿಳ್ಕೊ. ಯಾರ ಮುಂದೂ ಆಡಬ್ಯಾಡ" ಅಂದ್ಲು. ಚಂದಪ್ಪ ತಾನ ಬಂದು ಕಟ್ಟಿಕೊಟ್ಟ, ಚಾ ಬಿಟ್ಟು ಒಂದ ರೂಪಾಯಿ ಮುಟ್ಟಲಿಲ್ಲ.

ಪೈಪಿನ ಉದ್ದಕ್ಕ ಒಂದರ ಹಿಂದ ಒಂದು ಐದು ಕಮಾನು, ನಡುವ ಜಗ್ಗಿ ಕಟ್ಟಿದ ಹದಿನಾಕು ಸೀರಿ. ಸಪ್ಪಳ ಕೇಳಬಾರದಂತ ಪೈಪಿಗೆ ಹಳೇ ಕೌದಿ ಸುತ್ತಿದ್ರು. ಉಣ್ಣಾಕ ಬಂದವರು ಮ್ಯಾಲ ನೋಡಿ "ಅಬಬಬ!" ಅಂತಿದ್ರು. ಗ್ರಾನೈಟ್ ಫ್ಯಾಕ್ಟರಿಯವರು, ಬಸ್ಸಿನ ಕಂಡಕ್ಟರ್ರು, ಸೀರಿ ಕೊಳ್ಳಾಕ ಬಂದ ಹೆಂಗಸರು, ಒಂದೊಂದ ಸಲ ಪಂಕ್ತಿಗೆ ಜಾಗಾ ಸಿಗದ ಪಾವಟಿಗಿ ಮ್ಯಾಲ ಕುಂಡ್ರತಿದ್ರು. ಬಾದಾಮಿಯಿಂದ ಬಂದ ಗೈಡ್ ಒಬ್ಬ ಫೋಟೋ ತಗೊಂಡು, "ನಮ್ಮೂರ ಗುಹೆದಾಗ ಇಂಥಾ ಮಾಳಿಗಿ ಇಲ್ಲಬೇ" ಅಂದ. ಮುದುಕ ಕಾಶಪ್ಪನೂ ಇಳದು ಬಂದು, ಕಣ್ಣಿಗೆ ಕೈ ಅಡ್ಡ ಹಿಡದು ನವಿಲು ನೋಡಿ ಖುಷಿ ಪಟ್ಟ. "ನಿನ್ನ ತಲೀನ ತಲಿ ನೋಡವಾ ತಂಗಿ" ಅಂದ. ಬಸವೇಶ್ವರಿ ಎದಿ ಉಬ್ಬಿತು. ಮಾತ್ರ ಮಾವನ ಮಾರಿ ನೋಡಲಿಲ್ಲ, ಗಡಿಬಿಡೀಲೆ ಪಲ್ಯಾ ನೀಡಾಕ ಹೋದ್ಲು.

ಶ್ರಾವಣ ಹಿಂಗ ಹೋತು. ಮೈದುನಗ ಹೊಟ್ಟ್ಯಾಗ ಬೆಂಕಿ ಬಿದ್ದಿತ್ತು. ಅಂವ ಒಂದಿನಾನೂ ಕೆಳಗ ಇಳದಿರಲಿಲ್ಲ. ಗಣಪತಿ ಹಬ್ಬದ ಎದುರಿಗೆ ಒಂದ ಮಧ್ಯಾಹ್ನ ಇಳದ. ಪಂಕ್ತಿ ತುಂಬಿತ್ತು. ಮ್ಯಾಲ ನೋಡಿದ, ನವಿಲು ನೋಡಿದ, ಮಾರಿ ಒಂದೀಟು ಬೆಳ್ಳಗಾತು. ತಾನ ಹೇಳಿ ಮಾಡಿಸಿದ್ದು ತನಗ ಗುರ್ತು ಸಿಗೂದಿಲ್ಲೇನು? ವೈನಿಗೆ ಗೊತ್ತಿಲ್ಲ, ಚಂದಪ್ಪ ಬಾಯಿ ಬಿಟ್ಟಿರೂದಿಲ್ಲ, ಬಿದಿರು ಮಾರ್ಯಾನ ಅಷ್ಟ ಅಂತ ಲೆಕ್ಕಾ ಹಾಕಿದ. ಆಮ್ಯಾಲ ನಗಿ ತಂದುಕೊಂಡು, ಎಲ್ಲಾರಿಗೂ ಕೇಳೂಹಂಗ ಅಂದ.

"ವೈನಿ, ವಿಮಾನ ಭಾಳ ಛಂದ ಕಟ್ಟಿಸೀರಿ."

ಅಷ್ಟ. ಒಂದ ಮಾತು. ತಿರುಗಿ ಮ್ಯಾಲ ಹೋದ.

ಬಾಯಿಗಿ ಹೊಂಟಿದ್ದ ತುತ್ತು ನಿಂತುವು. ಇಪ್ಪತ್ತು ಮಂದಿ ಒಮ್ಮಿಗೆ ಮ್ಯಾಲ ನೋಡಿದ್ರು. ಅಲ್ಲೀತನಕ ಹಂದರ ಕಂಡಿದ್ದು ಈಗ ವಿಮಾನ ಕಂಡಿತು. ಒಬ್ಬ ಮೆಲ್ಲಕ ಕೈ ತೊಳಕೊಂಡ. ಇನ್ನೊಬ್ಬಾಕಿ ಕೂಸಿನ್ನ ಎತ್ತಿಕೊಂಡು, ಸೆರಗು ಮುಚ್ಚಿ, ಪಾವಟಿಗಿ ಏರಿದ್ಲು. ಮರುದಿನ ಬಂದವರು ಒಂಬತ್ತು ಮಂದಿ, ಅದರ ಮರುದಿನ ಇಬ್ಬರು. ಅವರೂ ಪರಊರವರು. ಊರಾಗ ಸುದ್ದಿ ಬ್ಯಾರೇನ ಹಬ್ಬಿತ್ತು, ಸುಡಗಾಡದಾಗ ಒಗದ ಬಿದಿರು ಹೆಕ್ಕಿ ತಂದು ಕಟ್ಯಾಳ, ಸೀರಿನೂ ಹೆಣದ ಮ್ಯಾಲಿನವ ಅಂತ. ಚುರುಮುರಿ ಮಾರಾಂವ ಸುದ್ದಾ ಆಕಿನ್ನ ನೋಡಿ ದೂರ ಸರದ. ಬಡದ ರೊಟ್ಟಿ ದನಕ್ಕ ಹಾಕಬೇಕಾತು.

ರಂಜಾನಬಿ ಹೇಳಿದ್ಲು, "ಅಕ್ಕಾ, ಬಿಚ್ಚಿ ಒಗಿ. ಬರೇ ಸೀರಿ ಇರಲಿ, ಜೋಲಿದ್ರ ಜೋಲಲಿ. ಇಲ್ಲಾ ಚಾಪಿ ತಂದು ಹೊಲಿಯೂಣು. ಎರಡು ಮೂರು ತಿಂಗಳಿಗೆ ಮಂದಿ ಮರೀತಾರ."

"ಅಷ್ಟು ದಿನ ಎಲ್ಲೈತಿ? ಪಾಡ್ಯಾ ಮಾರಿಮ್ಯಾಲ ಬಂದೈತಿ. ನಾ ಬಾಯಿ ಬಿಡ್ತೇನಿ. ಯಾರ ವಿಮಾನ, ಯಾರು ಹೇಳಿದ್ರು, ಎಲ್ಲಾ."

"ಆ ಮಾತು ಮುದುಕಪ್ಪನ ಕಿವಿಗೆ ಹಾಕಬ್ಯಾಡ! ನಿನಗ ಈ ಜಾಗಾ ಕೊಡಿಸಿದಾಂವ ಅಂವ. ದೇವರು ಮೆಚ್ಚೂದಿಲ್ಲ."

"ದೇವರು ಬಂದು ಊಟಾ ಮಾಡ್ತಾನೇನು ಇಲ್ಲೆ?" ಅಂದ್ಲು ಬಸವೇಶ್ವರಿ. ಆಕಿಗೆ ಮಾವನ ಮ್ಯಾಲ ಮಾಯಾ ಇರಲಿಲ್ಲಂತ ಅಲ್ಲ. ಇತ್ತು. ಆದ್ರ ಅದಕ್ಕಿಂತ ಒಂದ ಕೈ ಮ್ಯಾಲ ಮೈದುನನ ಮ್ಯಾಲಿನ ಸಿಟ್ಟಿತ್ತು, ಅದಕ್ಕಿಂತ ಮ್ಯಾಲ ಜಾಗಾದ ಆಸೆ ಇತ್ತು. ಒಂದಿನ ಪೂರಾ ವಿಚಾರ ಮಾಡಿದ್ಲು. ವಿಚಾರ ಮಾಡಿ ಮಾಡಿ ಮಾಡಬಾರದ್ದನ್ನ ಮಾಡಿದ್ಲು.

ಗಣಪತಿ ಮುಗದ ಐದನೇ ದಿನ "ಇವತ್ತು ಊಟಾ ಪುಕ್ಕಟೆ" ಅಂತ ಹಲಗಿ ಬರದು ಹಚ್ಚಿದ್ಲು. ಪುಕ್ಕಟೆ ಅಂದ್ರ ಮಂದಿ ಬರ್ತಾರ, ಬಂದ್ರು. ಆದ್ರ ಒಬ್ಬರೂ ಕುಂಡ್ರವಲ್ರು, ಪಾವಟಿಗಿ ಮ್ಯಾಲ ಗುಂಪಾಗಿ ನಿಂತ್ರು. ನಡುವಿನ ಕಮಾನಿನ ಕೆಳಗ ಖುರ್ಚಿ ಹಾಕಿ ಮಾವನ್ನ ಕೂಡಿಸಿ, ಕೈಯಾಗ ಮಜ್ಜಗಿ ಗ್ಲಾಸ ಕೊಟ್ಲು. ಚಂದಪ್ಪನ್ನ ಕರೆಸಿದ್ಲು. ಏನ ಗದ್ದಲಂತ ಮೈದುನನೂ ಇಳದು ಬಂದ.

"ಎಲ್ಲಾರೂ ಕೇಳ್ರಿ," ಅಂದ್ಲು. "ಇದು ವಿಮಾನದ ಕಮಾನು ಹೌದು. ನಾ ಇಲ್ಲ ಅನ್ನೂದಿಲ್ಲ. ಆದ್ರ ಇದು ಸುಡಗಾಡು ಕಂಡಿಲ್ಲ. ಇದರಾಗ ಯಾವ ಹೆಣಾನೂ ಕುಂತಿಲ್ಲ. ಕುಂಡ್ರಬೇಕಾದವರು ಇಲ್ಲೆ ಕುಂತು ಮಜ್ಜಗಿ ಕುಡ್ಯಾಕತ್ತಾರ."

ಕಾಶಪ್ಪಗ ಮೊದಲ ತಿಳೀಲಿಲ್ಲ. ಎಲ್ಲಾರೂ ತನ್ನ ನೋಡಾಕತ್ತಾರಂತ ನಕ್ಕ.

"ಚಂದಪ್ಪಾ, ಯಾರ ಸಲುವಾಗಿ ಕಟ್ಟಿದ್ದಿ? ಯಾರು ಹೇಳಿದ್ರು? ನಿಮ್ಮಪ್ಪನ ಆಣಿ ಐತಿ, ಖರೆ ಹೇಳು."

"ಅಕ್ಕಾರ, ಬ್ಯಾಡ್ರಿ," ಅಂದ ಚಂದಪ್ಪ. ಕಣ್ಣಾಗ ನೀರು ತಂದುಕೊಂಡ. ಆಕಿ ಬಿಡಲಿಲ್ಲ. ಮತ್ತ ಕೇಳಿದ್ಲು, ದನಿ ಏರಿಸಿ ಕೇಳಿದ್ಲು. "ದೊಡ್ಡ ಸಾವಕಾರ್ರ ಸಲುವಾಗಿ ರಿ. ಸಣ್ಣ ಸಾವಕಾರ್ರು ಹೇಳಿದ್ರು. ಬ್ಯಾಸಗ್ಯಾಗ."

ಕಾಶಪ್ಪ ತಲಿ ಎತ್ತಿ ಮ್ಯಾಲ ನೋಡಿದ. ತುಟಿ ಅಲುಗಸ್ಕೊಂತ ಕಮಾನು ಎಣಿಸಿದ. ಆಮ್ಯಾಲ ಮಗನ ಕಡೆ ತಿರುಗಿದ.

"ಯಾವತ್ತ ಹೇಳಿದ್ದಿ ವಿಜ್ಯಾ? ದವಾಖಾನಿಯಿಂದ ತಂದ ದಿನಾ?"

ವಿಜಯಮಹಾಂತೇಶ ನೆಲಾ ನೋಡಿದ. "ಡಾಕ್ಟರ್ರು ಹಂಗಂದಿದ್ರಪ್ಪಾ..."

"ಆವತ್ತ ನಾ ನಿನ್ನ ಹೆಸರು ಹಿಡದು ಕೂಗಿದೆ. ಒಂದ ಹನಿ ನೀರು ಕೊಡು ಅಂತ. ನೀ ಎಲ್ಲೋ ಹೊರಗ ಹೋಗೀ ಅಂದ್ರು," ಅಂದ ಕಾಶಪ್ಪ.

ಆ ಹೊತ್ತಿಗೆ ಬಸವೇಶ್ವರಿಗೆ ಓಡಿಹೋಗಿ ಮಾವನ ಕಾಲು ಹಿಡೀಬೇಕು ಅನಿಸಿತು. ಅಷ್ಟರಾಗ ಪಾವಟಿಗಿ ಮ್ಯಾಲಿನ ಗ್ರಾನೈಟ್ ಹುಡುಗ ಒಬ್ಬ, "ಅಂದ್ರ ಅಜ್ಜ ಯಮಗ ಕೈ ಕೊಟ್ಟಾನ್ರೆಪಾ!" ಅಂತ ಒದರಿದ. ಒಬ್ಬ ನಕ್ಕ, ಹತ್ತು ಮಂದಿ ನಕ್ಕರು. "ಇದರ ಕೆಳಗ ಉಂಡ್ರ ಆಯುಷ್ಯ ಗಟ್ಟಿ" ಅಂದ ಒಬ್ಬ ಕಂಡಕ್ಟರ್. ಧಬಧಬ ಇಳದು ಬಂದು ಕುಂತ್ರು, ಗಂಗಾಳ ಜಗ್ಗಿಕೊಂಡ್ರು. ಬಸವೇಶ್ವರಿ ಕಾಲು ಹಿಡ್ಯಾಕ ಹೋಗಲಿಲ್ಲ. ರೊಟ್ಟಿ ಬುಟ್ಟಿ ಹಿಡದು ಪಂಕ್ತಿಗೆ ಹೋದ್ಲು.

ಆವತ್ತಿನಿಂದ ಕಾಶಪ್ಪ ಮಗನ ಕೂಡ ಮಾತು ಬಿಟ್ಟ. ಹಾಸಿಗಿ ಸುತ್ತಿಕೊಂಡು ಸೊಸಿಯ ಹಿಂದಿನ ಖೋಲಿಗೆ ಬಂದ. ಆಕಿಗೂ ಒಂದು ಮಾತು ಬೈಲಿಲ್ಲ. ಬೈದಿದ್ರ ಚಲೋ ಇತ್ತು.

ಖಾನಾವಳಿ? ಕೇಳಬ್ಯಾಡ್ರಿ. ಹುನಗುಂದದ ಕೋರ್ಟಿಗೆ ಬಂದವರು, ಕೂಡಲಸಂಗಮಕ್ಕ ಹೊಂಟವರು, ಎಲ್ಲಾರೂ "ವಿಮಾನದ ಖಾನಾವಳಿ ಎಲ್ಲೈತ್ರಿ?" ಅಂತ ಕೇಳ್ಕೊಂತ ಬರಾಕತ್ರು. ಬಂದವರು ಮ್ಯಾಲ ನೋಡ್ತಿದ್ರು, ಆಮ್ಯಾಲ "ಅಜ್ಜ ಎಲ್ಲಿ?" ಅಂತಿದ್ರು. ಅಜ್ಜ ಜೀವಂತ ಕುಂತಿದ್ರ ಅದು ಆಯುಷ್ಯದ ಕಮಾನು, ಅಜ್ಜ ಕಾಣಲಿಲ್ಲಂದ್ರ ಮತ್ತ ಅದು ಹೆಣದ ವಿಮಾನನ. ಒಂದಿನ ಮುದುಕಗ ಮೈ ಕಾದು ಮಲಗಿಬಿಟ್ಟಿದ್ದ. ಖುರ್ಚಿ ಖಾಲಿ ಕಂಡು ಮೂವತ್ತು ಮಂದಿ ಉಣ್ಣದ ತಿರುಗಿ ಹೋದ್ರು. "ಹೋದ ಏನೋ ಮುದುಕ" ಅಂದ್ರು. ಬಸವೇಶ್ವರಿ ಅದನ್ನ ಕಣ್ಣಾರೆ ನೋಡಿದ್ಲು.

ಮರುದಿನಾನೂ ಜ್ವರಾ ಇತ್ತು. ಆಕಿ ಗುಳಿಗಿ ನುಂಗಿಸಿ, ರಂಜಾನಬಿನ್ನ ಕರದು, "ಆ ಕಡೆ ರಟ್ಟಿ ಹಿಡಿ" ಅಂದ್ಲು. ರಂಜಾನಬಿ ಹಿಡೀಲಿಲ್ಲ. "ನಾ ರೊಟ್ಟಿ ಬಡ್ಯಾಕ ಬಂದಾಕಿ ಅಕ್ಕಾ, ಇದಕ್ಕಲ್ಲ" ಅಂದು ಒಲಿಗೆ ಮಾರಿ ಮಾಡಿ ಕುಂತ್ಲು. ಬಸವೇಶ್ವರಿ ಒಬ್ಬಾಕಿನ ಮುದುಕನ್ನ ತೆಕ್ಕಿಬಡದು ಎತ್ತಿ, ಪಾವಟಿಗಿ ಇಳಿಸಿ, ಖುರ್ಚಿಗೆ ಕೂಡಿಸಿದ್ಲು.

ದಿನಾ ಅದ ನಡೀತು. ಮುಂಜಾನೆ ಜಳಕಾ, ಬಿಳೇ ಧೋತರ, ಹಣಿಗೆ ಮೂರು ಬೊಟ್ಟು ಇಬತ್ತಿ, ತಲಿಗೆ ಪಟಗಾ. ಹನ್ನೆರಡಕ್ಕ ಖುರ್ಚಿ. ಮೂರೂವರಿತನಕ. ಬಂದವರು ಕಾಲು ಮುಟ್ಟಿ ನಮಸ್ಕಾರ ಮಾಡ್ತಿದ್ರು, ಹೆಗಲಮ್ಯಾಲ ಕೈ ಹಾಕಿ ಸೆಲ್ಫಿ ತಗೋತಿದ್ರು. ಒಬ್ಬ ಹುಡುಗ ಮುಖಕ್ಕ ಮುಖಾ ತಂದು, "ಅಜ್ಜಾ, ಅಳತಿ ಸರಿ ಐತೇನು?" ಅಂತ ಮ್ಯಾಲ ತೋರಿಸಿ ಕೇಳಿದ. ಪಂಕ್ತಿ ಪೂರಾ ನಕ್ಕಿತು. ಬಸವೇಶ್ವರಿನೂ ನಕ್ಕಳು. ಗಿರಾಕಿ ನಕ್ಕಾಗ ನಗಬೇಕಲ್ಲ!

ಕಾಶಪ್ಪ ಒಂದ ಸಲ ಮಾತ್ರ ಬಾಯಿ ಬಿಟ್ಟ. "ತಂಗಿ, ಮ್ಯಾಲ ನೋಡಾಕ ಆಗವಲ್ದವಾ ನನಗ."

"ಮ್ಯಾಲ ನೋಡಬ್ಯಾಡ್ರಿ ಮಾವಾರ. ಗಂಗಾಳ ನೋಡ್ರಿ," ಅಂದ್ಲು ಆಕಿ. ಅಂದಾಕಿನ ಪಟಗಾ ಸರಿ ಮಾಡಿ ಹೋದ್ಲು. ಇಷ್ಟು ದಿನಾ ತಡದೀರಿ, ಪಾಡ್ಯಾತನಕ ತಡೀರಿ ಅಂತ ಮನಸಿನಾಗ ಅಂದುಕೊಂಡ್ಲು. ಬಾಯಿಲೆ ಅಂದಿದ್ರ ಮುದುಕಗ ಒಂದೀಟು ಸಮಾಧಾನರ ಆಗ್ತಿತ್ತೋ ಏನೋ, ಅದಕ್ಕೂ ಆಕಿಗೆ ಪುರಸೊತ್ತಿರಲಿಲ್ಲ.

ಪಾಡ್ಯಾ ಬಂತು, ಹೋತು. ಸೋಮವಾರ ಮುದುಕ ತಾನ ಎದ್ದು, ತಾನ ಧೋತರ ಉಟ್ಟು, "ನಡಿ ಹುನಗುಂದಕ್ಕ" ಅಂದ. ವಕೀಲರ ಕಡೆ ಕಾಗದಾ ಮಾಡಿಸಿ, ಸಹಿ ಹಾಕಿ, ಬೇಸ್‌ಮೆಂಟ್ ಆಕಿ ಹೆಸರಿಗೆ ಮಾಡಿಕೊಟ್ಟ. ತಿರುಗಿ ಬರುವಾಗ ಬಸ್ಸಿನಾಗ ಕಾಗದ ಉಡ್ಯಾಗ ಇಟ್ಟುಕೊಂಡು ಬಸವೇಶ್ವರಿ ಕಿಡಕಿ ಕಡೆ ಮಾರಿ ಮಾಡಿ ಅತ್ಲು. ಖುಷಿಗೆ ಅತ್ತಳೋ, ನಾಚಿಕಿಗೆ ಅತ್ತಳೋ, ಆಕಿಗೆ ತಿಳೀಲಿಲ್ಲ. ಇಳಕಲ್ಲ ಬಂದಾಗ ಕಣ್ಣು ಒರಸಿಕೊಂಡು, "ಮಾವಾರ, ನಾಳೆ ಸಂಗಮದಿಂದ ಒಂದ ಬಸ್ ಮಂದಿ ಬರ್ತಾರಂತ, ಐವತ್ತು ಊಟ. ನಾಳೆ ಒಂದಿನ ಕುಂಡ್ರ್ರಿ. ಆಮ್ಯಾಲ ಬ್ಯಾಡ" ಅಂದ್ಲು. ಮುದುಕ ಬಡಿಗಿ ಊರಿ ಬಸ್ಸಿನಿಂದ ಇಳದ.

ಮರುದಿನ ಹನ್ನೆರಡೂವರಿಗೆ ಬಸ್ ಬಂತು. ಐವತ್ತು ಮಂದಿ ಕುಂತ್ರು, ರೊಟ್ಟಿ ಬಿತ್ತು, ಎಣ್ಣಿಗಾಯಿ ಬಿತ್ತು. ಕಾಶಪ್ಪ ಖುರ್ಚ್ಯಾಗ ಇದ್ದ. ಆವಾಗ ಚಂದಪ್ಪ ನಿಚ್ಚಣಿಕಿ ಹೊತ್ತುಕೊಂಡು ಇಳದು ಬಂದ. ಯಾರ ಕಡೆನೂ ನೋಡದ ನಿಚ್ಚಣಿಕಿ ಹಚ್ಚಿ, ಹತ್ತಿ, ಮೊದಲನೇ ಕಮಾನಿನ ಹಗ್ಗ ಬಿಚ್ಚಾಕತ್ತಿದ.

"ಏ ಚಂದಪ್ಪಾ! ತಲಿ ಗಿಲಿ ಕೆಟ್ಟೈತೇನ ನಿಂದು? ಇಳಿ ಕೆಳಗ!" ಬಸವೇಶ್ವರಿ ಸೌಟು ಹಿಡಕೊಂಡ ಓಡಿ ಬಂದು ಅವನ ಕಾಲು ಜಗ್ಗಿದ್ಲು.

"ಬಿಡು ಅವನ್ನ," ಅಂದ ಕಾಶಪ್ಪ. ಎಷ್ಟೋ ದಿನಕ್ಕ ಅವನ ದನಿ ಪಂಕ್ತಿ ಪೂರಾ ಕೇಳಿಸಿತು. "ನಾ ಹೇಳೀನಿ. ಬೇಸ್‌ಮೆಂಟ್ ನಿಂದು, ಬರದು ಕೊಟ್ಟೀನಿ. ಕಮಾನು ನನ್ನ ಹೆಸರೀಲೆ ಕಟ್ಟಿದ್ದು. ನನಗ ಬೇಕಾಗೈತಿ, ಒಯ್ತೇನಿ."

"ಮಾವಾರ! ಮಂದಿ ಕುಂತಾರ್ರಿ ಉಣ್ಣಾಕ!"

"ಉಣ್ಲಿ."

ಎರಡನೇದು ಬಿಚ್ಚಿತು, ಮೂರನೇದು. ನವಿಲು ಕೆಳಗ ಬಂತು. ಆನಿಕಿ ಇಲ್ಲದ ಸೀರಿ ಒಂದೊಂದ ಸರದು ಉಣ್ಣಾವರ ಹೆಗಲಮ್ಯಾಲ ಬಿದ್ದುವು, ಒಂದು ಬ್ಯಾಳಿ ಬೋಗಾಣ್ಯಾಗ ಬಿತ್ತು. ಮ್ಯಾಲ ಕೌದಿ ಸುತ್ತಿದ ಪೈಪು ಬತ್ತಲೆ ನಿಂತಿತು. "ಅದೇನ್ರೀ ಅದು?" ಅಂತ ಒಬ್ಬಾಕಿ ಕೇಳಿದ್ಲು. ಏನಂತ ಎಲ್ಲಾರಿಗೂ ತಿಳೀತು. ಗಂಗಾಳ ಬಿಟ್ಟು ಏಳಾಕತ್ರು.

ವಿಜಯಮಹಾಂತೇಶ ಪಾವಟಿಗಿ ಮ್ಯಾಲ ನಿಂತು ನೋಡಾಕತ್ತಿದ್ದ. ತುಟ್ಯಾಗ ನಗಿ ಇತ್ತು. ಚಂದಪ್ಪ ಐದೂ ಕಮಾನುಗಳನ್ನ ಎರಡು ಗಳಕ್ಕ ಸೇರಿಸಿ ಬಿಗದ. ಕಾಶಪ್ಪ ಬಡಿಗಿ ಊರಿ ಎದ್ದು, ಮಗನ ಕಡೆ ಬಡಿಗಿ ತೋರಿಸಿದ.

"ನಗಬ್ಯಾಡ. ಬಾ, ಮುಂದಿನ ತುದಿ ಹಿಡಿ. ನೀ ಕಟ್ಟಿಸಿದ್ದು, ನೀ ಹೊರು. ಮ್ಯಾಲ ನನ್ನ ಖೋಲ್ಯಾಗ ಇಡು. ಇವತ್ತಿನಿಂದ ನಾ ಅಲ್ಲೆ, ಅದರಾಗ ಕುಂಡ್ರತೇನಿ. ದಿನಾ ನೋಡಿಕೋಂತ ಉಣ್ಣು ನೀನೂ."

ಮಂದಿ ಎಲ್ಲಾ ನೋಡಾಕತ್ತಿದ್ರು. ವಿಜಯಮಹಾಂತೇಶನ ನಗಿ ಬಿತ್ತು. ಬ್ಯಾರೆ ದಾರಿ ಇರಲಿಲ್ಲ, ಹೆಗಲು ಕೊಟ್ಟ.

ಬಸವೇಶ್ವರಿ ಸೌಟು ಒಗದು ಮಾವಗ ಅಡ್ಡ ನಿಂತ್ಲು. ಬಾಯಿ ಬಡಕೊಂಡು ಅಳಾಕತ್ಲು. "ನಾ ನಿಮಗ ಏನ ಕಡಿಮಿ ಮಾಡೀನ್ರಿ ಮಾವಾರ? ಅಂವ ಸಾಯ್ಲಿ ಅಂತ ಕಾದ, ನಾ ನಿಮ್ಮನ್ನ ಜೋಪಾನ ಮಾಡೀನಿ! ದಿನಾ ನನ್ನ ಕೈಯಾರೆ ಜಳಕಾ ಮಾಡಿಸಿ, ಮಡಿ ಉಡಿಸಿ, ಇಬತ್ತಿ ಹಚ್ಚಿ, ಕಮಾನಿನ ಕೆಳಗ ತಂದು ಕೂಡಿಸಿ..."

ತಾ ಏನ ಹೇಳಾಕತ್ತೀನಿ ಅನ್ನೂದು ತನ್ನ ಕಿವಿಗೇ ಬಿತ್ತು. ಬಾಯಿಗಿ ಸೆರಗು ಹಿಡದ್ಲು.

"ಹ್ಞೂಂ ತಂಗಿ," ಅಂದ ಕಾಶಪ್ಪ. ಸಿಟ್ಟಿರಲಿಲ್ಲ ದನ್ಯಾಗ. "ಎಲ್ಲಾ ಮಾಡಿದಿ. ಕೊಳ್ಳಾಗ ಹಾರ ಒಂದು ಹಾಕೂದು ಉಳದಿತ್ತು."

ಆಕಿನ್ನ ಬಡಿಗೀಲೆ ಮೆಲ್ಲಕ ಸರಿಸಿದ. ಮುಂದ ಮಗ, ಹಿಂದ ಚಂದಪ್ಪ, ಹೆಗಲಮ್ಯಾಲ ಖಾಲಿ ವಿಮಾನ, ಅದರ ಹಿಂದ ಒಂದೊಂದ ಪಾವಟಿಗಿಗೆ ನಿಂತು ಉಸರು ತಗೊಂಡು ಏರಾಕತ್ತಿದ ಕಾಶಪ್ಪ. ಸಂಗಮದ ಮಂದಿ ಗ್ವಾಡಿಗೆ ಸರದು ದಾರಿ ಬಿಟ್ರು. ಅದರಾಗ ಒಬ್ಬ ಮುದುಕ ರೂಢಿ ಪ್ರಕಾರ ಟೊಪಿಗಿ ತಗದು ಕೈ ಮುಗದ.